ಕಿತ್ತಳೆ ಬಣ್ಣದ ಬಿರಡೆ

ಆ ಮನೆಯಲ್ಲಿ ಸದ್ದು ಮಾಡದ ವಸ್ತುವೇ ಇರಲಿಲ್ಲ. ಅಡುಗೆಮನೆಯ ನಲ್ಲಿ ನೀರು ಬಿಡುವ ಮೊದಲು ಗೊರಗೊರ ಕೆಮ್ಮುತ್ತಿತ್ತು. ಅಜ್ಜಿ ಮಗ್ಗುಲು ಬದಲಿಸಿದರೆ ಮಂಚ ಕಿರುಗುಟ್ಟುತ್ತಿತ್ತು. ಅಮ್ಮ ಒಂದು ಹೋಟೆಲಿಗೆ ದಿಂಬಿನ ಗವಸು ಹೊಲಿದುಕೊಡುತ್ತಿದ್ದಳು. ಅವಳ ಹೊಲಿಗೆ ಯಂತ್ರ ಬೆಳಗ್ಗೆ ಗಡಗಡ ಎಂದು ಶುರುವಾದರೆ ರಾತ್ರಿ ಊಟಕ್ಕೆ ಕೂರುವವರೆಗೂ ನಿಲ್ಲುತ್ತಿರಲಿಲ್ಲ. ಇದಕ್ಕೆಲ್ಲ ಮೇಲೊಂದು ಟಿವಿ. ಅಪ್ಪ ಕೆಲಸದಿಂದ ಬಂದು ಕೈಕಾಲು ತೊಳೆದು ಅದರ ಮುಂದೆ ಕೂತನೆಂದರೆ, ವಾರ್ತೆ ಓದುವವಳ ದನಿ ಬೀದಿಯ ಕೊನೆಯ ಅಂಗಡಿಯವರೆಗೂ ಹೋಗುತ್ತಿತ್ತು. ಯಾರಾದರೂ ಮುಖ ಸಿಂಡರಿಸಿದರೆ ಅವನ ಉತ್ತರ ಸಿದ್ಧವಾಗಿತ್ತು: "ನಮ್ಮಮ್ಮನಿಗೆ ಕಿವಿ ಮಂದ. ಏನ್ಮಾಡೋದು?" ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅಜ್ಜಿ ಆಗ ಏನೂ ಕೇಳಿಸದವಳ ಹಾಗೆ ಮಿಕಿಮಿಕಿ ನೋಡುತ್ತಿದ್ದಳು.

ಇಷ್ಟೆಲ್ಲ ಗದ್ದಲಕ್ಕೆ ಜಾಗವಿದ್ದ ಮನೆಯಲ್ಲಿ ಒಬ್ಬ ಹುಡುಗಿಯ ಎರಡು ಕೋಲಿಗೆ ಜಾಗ ಇರಲಿಲ್ಲ. ಅನ್ಯಾಯ ಎನ್ನುವುದಕ್ಕೆ ಇನ್ನೇನು ಬೇಕು?

ಹುಡುಗಿ ಒಂಬತ್ತನೇ ಕ್ಲಾಸು. ತೊಟ್ಟಿಲಲ್ಲಿದ್ದಾಗಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಕುಟ್ಟುತ್ತಿದ್ದಳು ಅಂತ ಅಜ್ಜಿ ಅವಳನ್ನು ಗಿಲಕಿ ಎಂದು ಕರೆದಳು, ಹಾಗೇ ಉಳಿಯಿತು. ಆ ವರ್ಷ ಅವಳ ಶಾಲೆಗೆ ಹೊಸ ಬ್ಯಾಂಡ್ ಮಾಸ್ಟರು ಬಂದರು. ಹಳೇ ಡ್ರಮ್ಮಿನವರೆಲ್ಲ ಪಾಸಾಗಿ ಹೋಗಿದ್ದರು. ಕಲಿಯುವವರು ಕೈ ಎತ್ತಿ ಎಂದಾಗ ಅರ್ಧ ಕ್ಲಾಸು ಎತ್ತಿತು. ಮಾಸ್ಟರು ಒಬ್ಬೊಬ್ಬರ ಕೈಗೂ ಕೋಲು ಕೊಟ್ಟು ಮೇಜಿನ ಮೇಲೆ ಬಾರಿಸಿ ಅಂದರು. ಎಲ್ಲರೂ ಹಾವು ಹೊಡೆಯುವವರ ಹಾಗೆ ಬಡಿದರು. ಗಿಲಕಿ ಮಾತ್ರ ಕೋಲನ್ನು ಸಡಿಲಾಗಿ ಹಿಡಿದು ಬೀಳಲು ಬಿಟ್ಟಳು. ಅದು ತಾನಾಗಿ ಎದ್ದು ಬಂತು, ಮತ್ತೆ ಬಿತ್ತು, ಮತ್ತೆ ಎದ್ದಿತು.

"ಯಾರ ಹತ್ರ ಕಲ್ತೆ?"

"ಯಾರ ಹತ್ರಾನೂ ಇಲ್ಲ ಸಾರ್."

ಅದು ಪೂರ್ತಿ ನಿಜವಲ್ಲ. ಅಪ್ಪನದು ಗ್ಯಾರೇಜಿನಲ್ಲಿ ಟಿಂಕರಿಂಗ್ ಕೆಲಸ. ಎಲ್ಲೋ ಗುದ್ದಿಸಿಕೊಂಡು ಬಂದ ಕಾರುಗಳ ತಗ್ಗನ್ನು ಒಳಗಿನಿಂದ ತಟ್ಟಿ ತಟ್ಟಿ ಮೇಲೆಬ್ಬಿಸುವುದು. ಚಿಕ್ಕವಳಿದ್ದಾಗ ಅವನಿಗೆ ಊಟದ ಡಬ್ಬಿ ಕೊಡಲು ಹೋದರೆ ಅವನು ಒಂದು ಸಣ್ಣ ಸುತ್ತಿಗೆ ಅವಳ ಕೈಗೆ ಕೊಟ್ಟು, "ಬಡೀಬೇಡ ಮಗಳೇ, ಬೀಳಿಸು. ತಾನೇ ಎದ್ದು ಬರುತ್ತೆ. ಬಿಗಿ ಹಿಡಿದು ಬಡಿದ್ರೆ ತಗಡಿಗೆ ಇನ್ನೊಂದು ತಗ್ಗು" ಎನ್ನುತ್ತಿದ್ದ.

ಶಾಲೆಯಲ್ಲಿ ಇದ್ದದ್ದು ಒಂದೇ ಒಂದು ಒಳ್ಳೆಯ ಸೈಡ್ ಡ್ರಮ್ಮು. ಮಾಸ್ಟರು ಮೊದಲ ದಿನವೇ ಹೇಳಿಬಿಟ್ಟರು. ವಾರ್ಷಿಕೋತ್ಸವದ ಮೆರವಣಿಗೆಗೆ ಮೊದಲು ಪರೀಕ್ಷೆ. ಬಲ ಬಲ, ಎಡ ಎಡ ಎಂದು ಎರಡೆರಡು ಪೆಟ್ಟು ಬಿಡುವಿಲ್ಲದೆ ಹಾಕುತ್ತಾ ಹೋದರೆ ಅದು ಒಂದೇ ಸದ್ದಾಗಿ ಹರಿಯುತ್ತದೆ. ಅದಕ್ಕೆ ರೋಲ್ ಅಂತ ಹೆಸರು. ಯಾರ ರೋಲ್ ಎಲ್ಲೂ ನಿಧಾನವಾಗುವುದಿಲ್ಲವೋ ಅವರಿಗೆ ಡ್ರಮ್ಮು. ಮಿಕ್ಕವರು ಬಾವುಟ ಹಿಡಿಯುವುದು. ಕೋಲು ಮನೆಗೆ ಒಯ್ಯಬಹುದು, ಆದರೆ ಕೋಲು ಕಳೆದವರಿಗೆ ಪರೀಕ್ಷೆಯೇ ಇಲ್ಲ. ಇದನ್ನೆಲ್ಲ ಹೇಳುವುದಕ್ಕೂ ಮೊದಲು ಅವರು ಒಂದು ಡಬ್ಬಿ ತೆರೆದು ಪ್ರತಿಯೊಬ್ಬರಿಗೂ ಸ್ಪಂಜಿನಂಥ ಎರಡೆರಡು ಬಿರಡೆ ಕೊಟ್ಟರು. ಕಿತ್ತಳೆ ಬಣ್ಣದವು. "ಬ್ಯಾಂಡ್ ರೂಮಿಗೆ ಯಾರೇ ಬಂದ್ರೂ ಮೊದಲು ಇದನ್ನ ಕಿವಿಗೆ ಹಾಕ್ಕೋಬೇಕು. ಕೈ ಹೋದ್ರೆ ಕಟ್ಟು ಕಟ್ಟಿಸಬಹುದು. ಕಿವಿ ಹೋದ್ರೆ ಹೋಯ್ತು."

ಗಿಲಕಿ ಗ್ಯಾರೇಜಿನ ಹಳೇ ರಬ್ಬರ್ ಮ್ಯಾಟಿನ ಒಂದು ತುಂಡನ್ನು ಹಲಗೆಗೆ ಅಂಟಿಸಿಕೊಂಡಳು. ಹೊಸಬರು ಅಂಥದ್ದರ ಮೇಲೇ ಕಲಿಯುವುದು. ಡ್ರಮ್ಮಿನ ಅಬ್ಬರ ಇಲ್ಲ, ಬರೀ ಟಿಕ ಟಿಕ. ಸಂಜೆ ಅಪ್ಪ ಟಿವಿ ಮುಂದೆ ಕೂತಿದ್ದ. ಅವಳು ಹಿಂದಿನ ಮೇಜಿನ ಮೇಲೆ ಹಲಗೆ ಇಟ್ಟು ಉಸಿರು ಬಿಗಿಹಿಡಿದು ಬಾರಿಸಿದಳು.

"ಗೆಜ್ಜೆ ಕಟ್ಕೊಂಡು ಇಲಿ ಓಡಿದ ಹಾಗಿದೆ!" ಎಂದಳು ಅಜ್ಜಿ.

ಅಪ್ಪನಿಗೆ ಕಾಫಿ ತಂದಿದ್ದ ಅಮ್ಮ ಕಿಸಕ್ಕನೆ ನಕ್ಕಳು. ನಗುವ ಮುಖ ಕಂಡು ಅಪ್ಪ ತಿರುಗಿದ. ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದ. ಮಗಳ ಕೈಯಲ್ಲಿ ಕೋಲು ಕಂಡಿತು.

"ಅಪ್ಪಾ, ಹೇಗಿತ್ತು?"

"ಇದೆಲ್ಲ ಮನೇಲಿ ಬೇಡ."

"ಅಷ್ಟು ಜೋರಾ?"

"ಜೋರೋ ಮೆಲ್ಲಗೋ ನನಗೆ ಗೊತ್ತಿಲ್ವಾ? ದಿನವಿಡೀ ತಗಡಿನ ಮಧ್ಯೆ ಸಾಯ್ತೀನಿ. ಮನೆಗೆ ಬಂದ್ರೂ ಅದೇ ಕುಟ್ಟಾಣಿಯಾ? ತಲೆ ಸಿಡೀತಿದೆ. ಎತ್ತಿಡು!"

ಹಾಗೆ ಹೇಳಿ ಟಿವಿಯ ಸದ್ದನ್ನು ಇನ್ನೂ ಒಂದು ಮೆಟ್ಟಿಲು ಏರಿಸಿದ. ತಲೆ ಸಿಡಿಯುವವರು ಮಾಡುವ ಕೆಲಸವೇ ಅದು!

ಅವತ್ತಿನ ಊಟದಲ್ಲಿ ಗಿಲಕಿ ಅನ್ನ ಕಲಸಿದ್ದೇ ಕಲಸಿದ್ದು, ಬಾಯಿಗಿಡಲಿಲ್ಲ. ಅಪ್ಪ ಮಲಗಲು ಹೋದ ಮೇಲೆ ಅಮ್ಮ ಪಾತ್ರೆ ತಿಕ್ಕುತ್ತಾ ಗೊಣಗಿದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಗ್ಯಾರೇಜಿನ ಸಿಟ್ಟು ಮಗು ಮೇಲೆ."

"ಬಾವುಟ ಹಿಡಿಯೋದು ನನ್ನ ಹಣೆಬರಹ ಬಿಡು" ಎಂದಳು ಗಿಲಕಿ.

"ಬಾವುಟ ಅಂತೆ! ನಾಳೆಯಿಂದ ನಾನು ಯಂತ್ರ ತುಳಿಯುವಾಗ ನೀನು ಪಕ್ಕದಲ್ಲಿ ಕೂತು ಬಾರಿಸು. ಗಡಗಡದಲ್ಲಿ ಟಿಕಟಿಕ ಸೇರ್ಕೊಂಡು ಹೋಗುತ್ತೆ. ಯಾರಿಗೆ ಗೊತ್ತಾಗುತ್ತೆ?"

"ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ" ಎಂದಳು ಅಜ್ಜಿ, ಪಕ್ಕದ ಕೋಣೆಯಿಂದ. ಕಿವಿ ಮಂದದವಳಿಗೆ ಅದು ಹೇಗೆ ಕೇಳಿಸಿತು ಎಂದು ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ.

ಉಪಾಯ ಕೆಲಸ ಮಾಡಿತು. ಸಂಜೆ ಅಪ್ಪ ಟಿವಿಗೆ ಮುಖ ಮಾಡಿ ಕೂರುತ್ತಿದ್ದ. ಅವನ ಹಿಂದೆ ಅಮ್ಮನ ಯಂತ್ರ. ಯಂತ್ರದ ಮಗ್ಗುಲಲ್ಲಿ ನೆಲದ ಮೇಲೆ ಗಿಲಕಿ. ಬಲ ಬಲ, ಎಡ ಎಡ. ಮೊದಮೊದಲು ಕೋಲುಗಳು ಕುಡಿದವರ ಹಾಗೆ ಒಂದಕ್ಕೊಂದು ಡಿಕ್ಕಿ ಹೊಡೆದವು. ಆಮೇಲೆ ಎಡಗೈ ಹಟ ಬಿಟ್ಟಿತು. ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು ಒಡೆದು ಗಟ್ಟಿಯಾಯಿತು. ಯಂತ್ರ ಓಡಿದಂತೆ ಕೋಲೂ ಓಡಿತು.

ಆದರೆ ಒಂದು ದಿನ ಮಾಸ್ಟರು ಅವಳನ್ನು ನಡುವೆಯೇ ನಿಲ್ಲಿಸಿದರು. "ಚೆನ್ನಾಗಿ ಹೋಗ್ತಿರುತ್ತೆ, ಇದ್ದಕ್ಕಿದ್ದ ಹಾಗೆ ನಿಧಾನ ಆಗ್ತೀಯ. ಮತ್ತೆ ಓಡ್ತೀಯ. ಮತ್ತೆ ನಿಧಾನ. ಪ್ರತಿ ಸಲ ಅಷ್ಟಷ್ಟು ದೂರಕ್ಕೇ. ಅಲ್ಲೇನು ತಿರುವು ಇದ್ಯಾ?"

ಗಿಲಕಿಗೆ ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. ತಿರುವು ಇತ್ತು. ದಿಂಬಿನ ಗವಸಿಗೆ ಮೂಲೆಗಳಿರುತ್ತವೆ. ಅಮ್ಮ ಉದ್ದದ ಹೊಲಿಗೆಯಲ್ಲಿ ಭರ್ರನೆ ಹೋಗಿ ಮೂಲೆ ಬಂದಾಗ ಪೆಡಲು ಸಡಿಲಿಸಿ ಬಟ್ಟೆ ತಿರುಗಿಸುತ್ತಿದ್ದಳು. ಆ ಮೂಲೆಗಳೆಲ್ಲ ಗಿಲಕಿಯ ರೋಲಿಗೆ ಬಂದು ಕೂತಿದ್ದವು.

"ಅಯ್ಯೋ ನನ್ನ ಕರ್ಮವೇ! ಮೂಲೆ ಇಲ್ಲದ ದಿಂಬು ಎಲ್ಲಿಂದ ತರಲಿ?" ಎಂದಳು ಅಮ್ಮ. ಅಜ್ಜಿ ನಕ್ಕು ನಕ್ಕು ಕೆಮ್ಮಿದಳು. ಗಿಲಕಿಗೆ ನಗು ಬರಲಿಲ್ಲ. ಪರೀಕ್ಷೆ ಹತ್ತಿರ ಬರುತ್ತಿತ್ತು. ಬಚ್ಚಿಟ್ಟುಕೊಂಡು ಕಲಿತ ವಿದ್ಯೆಯಲ್ಲಿ ಬಚ್ಚಿಟ್ಟುಕೊಂಡದ್ದೂ ಕೇಳಿಸುತ್ತದೆ ಎಂದರೆ ಯಾರನ್ನು ಬೈಯುವುದು?

ಅದೇ ವಾರ ಯಂತ್ರದ ಬೆಲ್ಟು ಕಿತ್ತುಹೋಯಿತು. ನೇರ ಹೊಲಿಗೆಯ ನಡುವೆ ಫಟ್ ಎಂದು ಹರಿದು ಚಕ್ರ ಸುಮ್ಮನೆ ತಿರುಗಿತು. ಗಿಲಕಿ ತಲೆ ಬಗ್ಗಿಸಿ ಬಾರಿಸುತ್ತಲೇ ಇದ್ದಳು. ಆ ಗಳಿಗೆಗೆ ಸರಿಯಾಗಿ ಟಿವಿಯಲ್ಲೂ ಏನೋ ಕೆಟ್ಟು ಸದ್ದು ನಿಂತು ಬರೀ ಚಿತ್ರ ಓಡುತ್ತಿತ್ತು. ಕೋಣೆಯಲ್ಲಿ ಉಳಿದದ್ದು ಒಂದೇ. ಟಿಕ ಟಿಕ ಟಿಕ ಟಿಕ.

ಅಮ್ಮ ಬಟ್ಟೆ ಬಿಟ್ಟು ಗಂಡನ ಕಡೆ ನೋಡಿದಳು. ಅಪ್ಪ ಕೂತಿದ್ದದ್ದು ಕೈಚಾಚಿದರೆ ಸಿಗುವಷ್ಟು ಹತ್ತಿರ. ಇನ್ನೇನು ತಿರುಗುತ್ತಾನೆ, ಇನ್ನೇನು ಕೂಗುತ್ತಾನೆ. ಅವನು ತಿರುಗಲಿಲ್ಲ. ಟಿವಿಯ ಕಡೆ ರಿಮೋಟು ಚಾಚಿ ಒತ್ತಿದ, ಅಲುಗಾಡಿಸಿದ, ಬ್ಯಾಟರಿ ತೆಗೆದು ಒರೆಸಿ ಹಾಕಿದ. ಗಿಲಕಿ ತಲೆ ಎತ್ತಿದಳು. ಅಮ್ಮ ಕಣ್ಣಲ್ಲೇ 'ನಿಲ್ಲಿಸಬೇಡ' ಎಂದಳು. ಮೆಲ್ಲಗೆ ಹೇಳಿದಳು: "ರೀ."

ಇಲ್ಲ.

"ರೀ, ನಿಮ್ಮ ಹಿಂದೆ ಬಾರಿಸ್ತಿದಾಳೆ."

ಅಪ್ಪ ರಿಮೋಟನ್ನು ತೊಡೆಗೆ ಒಮ್ಮೆ ಕುಟ್ಟಿ ಮತ್ತೆ ಒತ್ತಿದ.

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಹಿಂದೆಯೇ ಗಿಲಕಿ. ಅಜ್ಜಿ ಅಲ್ಲಿ ಆಲೂಗಡ್ಡೆ ಹೆಚ್ಚುತ್ತಿದ್ದವಳು ಇಬ್ಬರ ಮುಖ ನೋಡಿ ಚಾಕು ಕೆಳಗಿಟ್ಟಳು.

"ಗೊತ್ತಾಯ್ತಾ?" ಎಂದಳು.

"ಅಂದ್ರೆ ನಿಮಗೆ ಮೊದಲೇ ಗೊತ್ತಿತ್ತಾ ಅತ್ತೆ?"

"ಹೆತ್ತವಳಿಗೆ ಗೊತ್ತಾಗಲ್ವಾ? ದೊಡ್ಡ ಸದ್ದು ಗೊತ್ತಾಗುತ್ತೆ ಅವನಿಗೆ. ಎದುರಿಗೆ ನಿಂತು ಮಾತಾಡಿದ್ರೆ ತುಟಿ ನೋಡಿ ಹೇಗೋ ಹಿಡ್ಕೋತಾನೆ. ಸಣ್ಣದು ಏನೂ ಇಲ್ಲ."

"ಮತ್ತೆ ಟಿವಿ? ನಿಮ್ಮ ಕಿವಿ ಮಂದ ಅಂತ..."

"ನನ್ನ ಕಿವಿಗೇನಾಗಿದೆ! ಕೆಳಗಿನ ಮನೇಲಿ ಸಕ್ಕರೆ ಡಬ್ಬಿ ತೆಗೆದ್ರೆ ನನಗಿಲ್ಲಿ ಗೊತ್ತಾಗುತ್ತೆ. ಅವನು ನನ್ನ ಮೇಲೆ ಹಾಕಿದ. ಹೊತ್ಕೊಂಡೆ. ಮುದುಕಿ ಕಿವುಡಾದ್ರೆ ಯಾರೂ ಕೆಲಸದಿಂದ ತೆಗೆಯಲ್ವಲ್ಲ."

"ಇಷ್ಟು ವರ್ಷ ನಿಮ್ಮ ಹತ್ರ ಕಿರುಚಿ ಕಿರುಚಿ ನನ್ನ ಗಂಟಲು ಹರಿದುಹೋಯ್ತಲ್ಲ ಅತ್ತೆ!"

"ಕಿರುಚಿದ್ದೂ ಕೇಳಿಸಿದೆ. ಮೆಲ್ಲಗೆ ಬೈದಿದ್ದೂ ಕೇಳಿಸಿದೆ" ಎಂದಳು ಅಜ್ಜಿ. ಅಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗಿಲಕಿಗೆ ಗೊತ್ತಾಗಲಿಲ್ಲ.

ಅಜ್ಜಿ ಮಿಕ್ಕಿದ್ದನ್ನೂ ಹೇಳಿದಳು. ಕೆಲವು ವರ್ಷದ ಹಿಂದೆ ಗ್ಯಾರೇಜಿನಲ್ಲಿ ಒಬ್ಬ ಹಿರಿಯ ಟಿಂಕರ್ ಇದ್ದ. ಹಿಂದಕ್ಕೆ ಬರುತ್ತಿದ್ದ ಕಾರಿನ ಹಾರನ್ನು ಅವನಿಗೆ ಕೇಳಿಸಲಿಲ್ಲ. ಕಾಲ ಮೇಲೆ ಹತ್ತಿತು. ಮಾಲೀಕ ಆಸ್ಪತ್ರೆಯ ಖರ್ಚು ಕೂಡ ಕೊಡದೆ, 'ಕಿವುಡ ಅಂತ ನೀನು ಹೇಳಬೇಕಿತ್ತು, ತಪ್ಪು ನಿನ್ನದೇ' ಎಂದು ಮನೆಗೆ ಕಳಿಸಿಬಿಟ್ಟ. ಅವತ್ತಿನಿಂದ ಅಪ್ಪ ಬಾಯಿಗೆ ಬೀಗ ಹಾಕಿಕೊಂಡ.

ಗಿಲಕಿಗೆ ಮೊದಲು ಬಂದದ್ದು ಕನಿಕರವಲ್ಲ, ಕೋಪ. ಅವಳನ್ನು ತಡೆದದ್ದು ಸದ್ದಲ್ಲ! ಅವನಿಗೆ ಕೇಳಿಸಿಯೇ ಇರಲಿಲ್ಲ. ಎಷ್ಟು ಜೋರು ಎಂದು ಆ ಮನೆಯಲ್ಲಿ ಗೊತ್ತಾಗದೇ ಇದ್ದವನು ಅವನೊಬ್ಬನೇ, ಬೇಡ ಎಂದವನೂ ಅವನೊಬ್ಬನೇ. ಮರುದಿನದಿಂದ ಅವಳು ಯಂತ್ರವಿಲ್ಲದೆ, ಮೂಲೆಗಳಿಲ್ಲದೆ, ಅಪ್ಪನ ಕುರ್ಚಿಯ ಹಿಂದೆಯೇ ಕೂತು ಬಾರಿಸಿದಳು. ರೋಲ್ ದಿನದಿಂದ ದಿನಕ್ಕೆ ನೆಟ್ಟಗಾಯಿತು. ಆದರೂ ಆ ಬೋಳು ಕತ್ತು, ಕಿವಿಯ ಹಿಂದೆ ಅಂಟಿದ ಗ್ರೀಸು ನೋಡುತ್ತಾ ಬಾರಿಸುವಾಗ ಕಳ್ಳತನ ಮಾಡಿದಂತೆ ಅನ್ನಿಸುತ್ತಿತ್ತು.

ಎಲ್ಲ ಬಯಲಾದದ್ದು ಕೆಳಮನೆಯ ಗುಮಾಸ್ತರಿಂದ. ನಿವೃತ್ತರು; ನಿವೃತ್ತಿಯಾದ ಮೇಲೆ ದೂರು ಕೊಡುವುದೇ ಅವರ ಉದ್ಯೋಗ. ಒಂದು ಭಾನುವಾರ ಮೆಟ್ಟಿಲು ಹತ್ತಿ ಬಂದು ಅಪ್ಪನ ಮುಖಕ್ಕೆ ಮುಖ ಕೊಟ್ಟು ನಿಂತರು.

"ನಿಮ್ಮ ಟಿವಿ ಸಹಿಸಿಕೊಂಡೆ. ಹೊಲಿಗೆ ಯಂತ್ರ ಸಹಿಸಿಕೊಂಡೆ. ಈಗ ದಿನಾ ಸಂಜೆ ಟಿಕ ಟಿಕ. ನನ್ನ ತಲೆ ಮೇಲೆ ಮರಕುಟಿಗ ಸಾಕಿದೀರೇನ್ರೀ?"

"ಯಾವ ಟಿಕ ಟಿಕ?"

"ಯಾವುದು ಅಂದ್ರೆ? ಮಗಳು ಡ್ರಮ್ಮು ಕಲೀತಿಲ್ವಾ? ನೀವು ಕೂತಿರೋ ರೂಮಲ್ಲೇ! ನಮ್ಮ ಸೂರು ಅದುರುತ್ತೆ, ನಿಮಗೇನೂ ಆಗಲ್ವಾ?"

ಅಪ್ಪ ಬಾಗಿಲು ಹಾಕಿ ಬಂದ. ಮುಖ ಕಪ್ಪಿಟ್ಟಿತ್ತು.

"ಎಷ್ಟು ದಿನದಿಂದ?"

"ಮೊದಲಿಂದ" ಎಂದಳು ಗಿಲಕಿ.

"ನಾನು ಬೇಡ ಅಂದಿದ್ದೆ."

"ಯಾಕೆ ಬೇಡ ಅಂದ್ರಿ?"

"ಸದ್ದಾಗುತ್ತೆ ಅಂತ!"

"ಕೇಳಿಸ್ತಾ ನಿಮಗೆ? ಒಂದೇ ಒಂದು ದಿನ ಆದ್ರೂ ಕೇಳಿಸ್ತಾ? ನಿಮ್ಮ ಕುರ್ಚಿ ಹಿಂದೇನೇ ಕೂತಿದ್ದೆ! ಕೇಳಿಸದೇ ಇರೋ ಸದ್ದಿಗೆ ಕೋಪ ಬರೋದು ಹೇಗೆ ಅಪ್ಪಾ?"

"ಬಾಯಿ ಮುಚ್ಚು. ಕಿವಿ ಮಂದ ನಿಮ್ಮಜ್ಜಿಗೆ..."

"ಸಾಕು ಮಾಡೋ!" ಅಜ್ಜಿ ಮಂಚದಿಂದ ಇಳಿದು ಅವನ ಎದುರು ಬಂದು ನಿಂತಳು. "ಒಂಬತ್ತು ತಿಂಗಳು ನಿನ್ನ ಹೊತ್ತೆ, ಬೇಜಾರಾಗಲಿಲ್ಲ. ನಿನ್ನ ಕಿವುಡು ಹೊತ್ತು ಹೊತ್ತು ಸಾಕಾಗಿದೆ. ಇನ್ನು ನನ್ನ ಕೈಲಾಗಲ್ಲ, ನೀನೇ ಇಟ್ಕೋ."

ಅಪ್ಪ ಹೆಂಡತಿಯ ಕಡೆ ನೋಡಿದ. ಅವಳು ಗಿಲಕಿಯ ಚೀಲದಿಂದ ಕಿತ್ತಳೆ ಬಿರಡೆಗಳನ್ನು ತೆಗೆದು ಅಂಗೈ ಮೇಲೆ ಚಾಚಿದ್ದಳು.

"ನೋಡ್ರಿ ಇದನ್ನ. ಶಾಲೇಲಿ ಮಕ್ಕಳು ಡ್ರಮ್ಮು ಮುಟ್ಟೋಕೆ ಮುಂಚೆ ಇದನ್ನ ಕಿವಿಗೆ ಹಾಕಿಸ್ತಾರೆ. ಒಂದು ಗಂಟೆ ಪಾಠಕ್ಕೆ! ಅಷ್ಟು ವರ್ಷ ತಗಡು ಬಡಿದ್ರಲ್ಲ, ನಿಮ್ಮ ಮಾಲೀಕ ಒಂದು ಚೂರು ಹತ್ತಿ ಆದ್ರೂ ಕೊಟ್ಟನಾ? ನೀವಾದ್ರೂ ಕೇಳಿದ್ರಾ? ಅಲ್ಲಿ ಬಾಯಿ ಬರಲ್ಲ, ಮನೇಲಿ ಮಗು ಮೇಲೆ ಬರುತ್ತೆ. ಗೋಡೆಗೂ ಕಿವಿ ಇರುತ್ತಂತೆ. ಈ ಮನೇಲಿ ಗೋಡೆಗೆ ಮಾತ್ರ ಇದೆ!"

"ಆಯ್ತು, ಕಿವುಡ! ಕಿವುಡ ನಾನು! ಹೋಗಿ ಬೀದೀಲಿ ಡಂಗುರ ಸಾರಿ. ಡ್ರಮ್ಮು ಬೇರೆ ಇದೆಯಲ್ಲ, ಸಾರಿ! ಅದು ಮಾಲೀಕನಿಗೆ ಗೊತ್ತಾದ ದಿನ ಈ ಮನೇಲಿ ಒಲೆ ಉರಿಯೋದು ಹೇಗೆ ಅಂತ ಯೋಚನೆ ಮಾಡಿದೀರಾ? ಇವಳು ಬಾರಿಸೋದು, ಊರೆಲ್ಲ ಬಂದು ನನ್ನ ಕೇಳೋದು, ನಾನು ಬ್ಬೆಬ್ಬೆಬ್ಬೆ ಅನ್ನೋದು..."

ಅಪ್ಪ ಹಲಗೆಯ ಮೇಲಿದ್ದ ಕೋಲುಗಳನ್ನು ಬಾಚಿಕೊಂಡು ಹೋದ. ಮರುದಿನ ಅವು ಅವನ ಜೊತೆ ಗ್ಯಾರೇಜಿಗೆ ಹೋದವು, ಸಾಮಾನಿನ ಪೆಟ್ಟಿಗೆಯೊಳಗೆ.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಊಟದ ಹೊತ್ತಿಗೆ ತಟ್ಟೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಮ್ಮ ಬಡಿಸಿ ಎದ್ದುಹೋಗುತ್ತಿದ್ದಳು. ಅಪ್ಪ ಟಿವಿಯ ಸದ್ದನ್ನು ಪೂರ್ತಿ ಇಳಿಸಿಬಿಟ್ಟಿದ್ದ. ಇರುವೆ ಮಾತಾಡಿದಷ್ಟು ಸದ್ದಿನಲ್ಲಿ ವಾರ್ತೆ ಹಾಕಿಕೊಂಡು, ಎಲ್ಲವೂ ಕೇಳಿಸುತ್ತಿದೆ ಎಂಬಂತೆ ಆಗಾಗ ತಲೆದೂಗುತ್ತಾ ಕೂರುತ್ತಿದ್ದ. ಅದನ್ನು ನೋಡಿದರೆ ಸಿಟ್ಟು ಬರುತ್ತಿತ್ತು, ಪಾಪ ಅಂತಲೂ ಅನ್ನಿಸುತ್ತಿತ್ತು. ಗಿಲಕಿ ಅಡುಗೆಮನೆಯಲ್ಲಿ ಎರಡು ಮರದ ಸೌಟು ಹಿಡಿದು ಬಾರಿಸಿದಳು. ಸೌಟಿಗೆ ಎದ್ದು ಬರುವ ಗುಣವಿಲ್ಲ.

"ಪರೀಕ್ಷೆ ದಿನ ಕೋಲು ಬೇಕು ಅಪ್ಪಾ" ಎಂದು ಎದುರು ನಿಂತು ಹೇಳಿದಳು. ಅವನಿಗೆ ತಿಳಿಯಿತು. ತುಟಿಯಿಂದ ಕಣ್ಣು ತೆಗೆದು ಚಪ್ಪಲಿ ಮೆಟ್ಟಿದ.

ಪರೀಕ್ಷೆ ಇದ್ದದ್ದು ಮಧ್ಯಾಹ್ನ. ಊಟದ ಬಿಡುವಿಗೆ ಗಂಟೆ ಹೊಡೆಯುತ್ತಲೇ ಗಿಲಕಿ ಶಾಲೆಯ ಗೇಟು ದಾಟಿ ಓಡಿದಳು. ಅಪ್ಪ ಬೈದರೆ ಬೈಯಲಿ, ನಾಲ್ಕು ಬಾರಿಸಿದರೆ ಬಾರಿಸಲಿ, ಕೋಲು ತಗೊಂಡೇ ಬರುವುದು ಎಂದು ಹೊರಟಿದ್ದಳು.

ಗ್ಯಾರೇಜು ಎಂದರೆ ಉದ್ದನೆಯ ತಗಡಿನ ಶೆಡ್ಡು. ಮುಂದುಗಡೆ ಗಾಜಿನ ಕೋಣೆ. ಅದರಲ್ಲಿ ಮಾಲೀಕ, ಅವನ ಏಸಿ, ಅವನ ಫೋನು. ಗಾಜಿನ ಒಳಗೆ ಸುತ್ತಿಗೆಯ ಸದ್ದು ಅಷ್ಟಾಗಿ ಬರುವುದಿಲ್ಲ. ಈಗ ಅವನು ಬಾಗಿಲಲ್ಲಿ ನಿಂತು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಿದ್ದ. ಊಟದ ಹೊತ್ತು, ಯಾವ ಕೆಲಸವೂ ನಡೆಯುತ್ತಿರಲಿಲ್ಲ. ಶೆಡ್ಡಿನ ಆ ಕೊನೆಯಲ್ಲಿ ನಾಲ್ಕು ಜನ ಟಿಂಕರುಗಳು ಬಿಚ್ಚಿಟ್ಟ ಕಾರಿನ ಸೀಟುಗಳ ಮೇಲೆ ಇತ್ತ ಬೆನ್ನು ಹಾಕಿ ಕೂತು ಡಬ್ಬಿ ತೆರೆದಿದ್ದರು. ಒಬ್ಬರೊಂದಿಗೊಬ್ಬರು ಮಾತಿಲ್ಲ.

"ಅಪ್ಪಾ!"

ಅಪ್ಪ ತಿರುಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಬೇರೆ ಯಾರೂ ತಿರುಗಲಿಲ್ಲ.

"ಅಪ್ಪಾ!" ಈ ಸಲ ಗಂಟಲು ಬಿಚ್ಚಿ ಕೂಗಿದಳು. ತಗಡಿನ ಚಾವಣಿ ಅದನ್ನು ವಾಪಸ್ ಹೇಳಿತು. ನಾಲ್ಕು ಬೆನ್ನುಗಳೂ ಹಾಗೇ ಇದ್ದವು. ನಾಲ್ವರೂ ಅಪ್ಪಂದಿರೇ.

ಮಾಲೀಕ ನಕ್ಕ. "ಕಿವುಡರ ಸಂತೆ ಅದು ಮಗು. ಎಷ್ಟು ಕೂಗಿದ್ರೂ ಅಷ್ಟೇ. ಹೋಗಿ ಬೆನ್ನು ತಟ್ಟು."

ಗಿಲಕಿ ಅವನ ಮುಖ ನೋಡಿದಳು. "ನಿಮಗೆ ಗೊತ್ತಾ?"

"ಏನು ಗೊತ್ತಾ? ಇಲ್ಲಿ ನಾಲ್ಕು ವರ್ಷ ದುಡಿದವನಿಗೆ ಕಿವಿ ಎಲ್ಲಿರುತ್ತೆ? ಒಳ್ಳೇದೇ ಆಯ್ತು. ಬೈದ್ರೂ ಕೇಳಿಸಲ್ಲ, ಬೇಜಾರೂ ಮಾಡ್ಕೊಳಲ್ಲ." ಎಂದು ಕಡ್ಡಿಯನ್ನು ಉಗುಳಿದ.

ಗೊತ್ತಿತ್ತು! ಮೊದಲಿನಿಂದ ಗೊತ್ತಿತ್ತು. ಅಪ್ಪ ಯಾರಿಗೆ ತಿಳಿಯಬಾರದೆಂದು ಹೆತ್ತ ತಾಯಿಯನ್ನು ಕಿವುಡಿ ಮಾಡಿದ್ದನೋ, ಮಗಳ ಕೋಲು ಕಿತ್ತುಕೊಂಡಿದ್ದನೋ, ಅವನಿಗೆ ಅದು ಊಟವಾದ ಮೇಲಿನ ತಮಾಷೆ. ಕಾಲು ಮುರಿದವನಿಗೆ 'ನೀನು ಹೇಳಬೇಕಿತ್ತು' ಎಂದವನೂ ಇವನೇ.

ಗಿಲಕಿ ಬೆನ್ನು ತಟ್ಟಲಿಲ್ಲ. ನೆಟ್ಟಗೆ ಅಪ್ಪನ ಪೆಟ್ಟಿಗೆಗೆ ಹೋಗಿ ಮುಚ್ಚಳ ಎತ್ತಿ ಕೋಲುಗಳನ್ನು ತೆಗೆದಳು. ಪಕ್ಕದಲ್ಲಿ ಖಾಲಿ ಆಯಿಲ್ ಪೀಪಾಯಿ ಬೋರಲಾಗಿ ನಿಂತಿತ್ತು. ಅದರ ಮೇಲೆ ಬಾರಿಸಿದಳು. ಬಲ ಬಲ, ಎಡ ಎಡ. ಪೀಪಾಯಿ ಗುಡುಗಿತು. ರಬ್ಬರ್ ಹಲಗೆಯ ಟಿಕ ಟಿಕ ಕೇಳಿಸದವರಿಗೂ ಅದು ಕೇಳಿಸಿತು. ನಾಲ್ವರೂ ಒಟ್ಟಿಗೆ ತಿರುಗಿದರು.

ಅಪ್ಪ ಡಬ್ಬಿ ಕೆಳಗಿಟ್ಟು ಎದ್ದ. ಅವಳು ಅವನ ಎದುರು ನಿಂತು, ಒಂದೊಂದು ಮಾತನ್ನೂ ತುಟಿಯಲ್ಲಿ ಬಿಡಿಸಿ ಹೇಳಿದಳು.

"ಅವರಿಗೆ ಗೊತ್ತು ಅಪ್ಪಾ. ನಿಮಗೆ ಕಿವಿ ಕೇಳಲ್ಲ ಅಂತ. ನಾಲ್ಕು ಜನಕ್ಕೂ ಕೇಳಲ್ಲ ಅಂತ. ಮೊದಲಿಂದಾನೂ ಗೊತ್ತು. ಕಿವುಡರ ಸಂತೆ ಅಂತ ನಗ್ತಿದಾರೆ."

ಅಪ್ಪ ಗಾಜಿನ ಬಾಗಿಲ ಕಡೆ ನೋಡಿದ. ಆಮೇಲೆ ಪಕ್ಕದಲ್ಲಿದ್ದ ದಪ್ಪ ಮೀಸೆಯವನ ಕಡೆ.

"ನಿನಗೂನಾ?" ಎಂದ.

"ಏನಂದೆ?" ಎಂದ ಮೀಸೆಯವನು.

ಅಪ್ಪ ತನ್ನ ಕಿವಿ ಮುಟ್ಟಿ ತೋರಿಸಿ ಕೈ ಅಲ್ಲಾಡಿಸಿದ. ಮೀಸೆಯವನು ತಲೆ ತಗ್ಗಿಸಿ ಹೌದೆಂದ. ಮೂರನೆಯವನು ಹೌದೆಂದ. ಅವರಲ್ಲಿ ಕಿರಿಯ, ಮೊನ್ನೆಯಷ್ಟೇ ಮಗುವಿನ ಅಪ್ಪನಾದವನು, "ನನಗೆ ಬಲದ್ದು ಪೂರ್ತಿ, ಎಡದ್ದು ಅರ್ಧ" ಎಂದ. ಇಷ್ಟು ವರ್ಷ ಒಂದೇ ಶೆಡ್ಡಿನಲ್ಲಿ ಒಬ್ಬರ ಪಕ್ಕ ಒಬ್ಬರು ಕೂತು ಉಂಡವರು ಮಾತಾಡದೆ ಉಂಡದ್ದು ಯಾಕೆ ಎಂದು ಆಗ ಒಬ್ಬರಿಗೊಬ್ಬರಿಗೆ ಗೊತ್ತಾಯಿತು.

"ಊಟದ ಹೊತ್ತು ಮುಗೀತು! ಸುತ್ತಿಗೆ ಎತ್ರೀ!" ಎಂದು ಮಾಲೀಕ ಕೂಗಿದ. ಕೂಗಿದ್ದು ಗಿಲಕಿಗೆ ಮಾತ್ರ ಕೇಳಿಸಿತು. ಅವಳು ಅದನ್ನು ಅವರಿಗೆ ತಿಳಿಸಲಿಲ್ಲ. ಮೀಸೆಯವನು ಸೀಟಿನ ಮೇಲಿದ್ದ ಸುತ್ತಿಗೆಯನ್ನು ತೆಗೆದು ನೆಲದ ಮೇಲಿಟ್ಟು ಅದರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ಮಿಕ್ಕ ಇಬ್ಬರೂ ಕೂತರು.

ಅಪ್ಪ ಎಂಜಲು ಕೈಯನ್ನು ಬಟ್ಟೆಗೆ ಒರೆಸಿಕೊಂಡ. "ಪರೀಕ್ಷೆ ಎಷ್ಟೊತ್ತಿಗೆ?"

"ಶುರುವಾಗಿರುತ್ತೆ."

"ಮತ್ತೆ ನಿಂತಿದೀಯಲ್ಲ! ನಡಿ."

ಅವರು ಹೋಗುವ ಹೊತ್ತಿಗೆ ಮಿಕ್ಕವರೆಲ್ಲರದೂ ಮುಗಿದಿತ್ತು. ಮಾಸ್ಟರು ಡ್ರಮ್ಮಿನ ಪಟ್ಟಿಯನ್ನು ಬೇರೊಬ್ಬನ ಹೆಗಲಿಗೆ ಹಾಕುವುದರಲ್ಲಿದ್ದರು. ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತ ಹುಡುಗಿಯನ್ನೂ, ಅವಳ ಹಿಂದೆ ಗ್ರೀಸು ಮೆತ್ತಿದ ಬಟ್ಟೆಯಲ್ಲಿದ್ದವನನ್ನೂ ನೋಡಿದರು.

"ಕೋಲು ಇದ್ಯಾ?"

"ಇದೆ ಸಾರ್."

"ಬಾ."

ಅಪ್ಪ ಹೊಸ್ತಿಲಾಚೆಯೇ ನಿಂತಿದ್ದ. ಮಾಸ್ಟರು ಡಬ್ಬಿ ಹಿಡಿದು ಅವನ ಹತ್ತಿರ ಹೋಗಿ ಎರಡು ಬಿರಡೆ ಚಾಚಿದರು. ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡ.

"ನನಗ್ಯಾಕೆ ಸಾರ್?"

"ಒಳಗೆ ಬರೋರೆಲ್ಲ ಹಾಕ್ಕೋಬೇಕು. ಕಿವಿ ಎಲ್ಲರದ್ದೂ ಒಂದೇ."

ಅಪ್ಪ ಅವರ ತುಟಿ ನೋಡುತ್ತಾ ಅಷ್ಟನ್ನೂ ಹಿಡಿದ. ಕಪ್ಪು ಅಂಗೈಯಲ್ಲಿ ಕಿತ್ತಳೆ ಬಿರಡೆಗಳನ್ನು ಹೊರಳಿಸಿ ಹೊರಳಿಸಿ ನೋಡಿದ. ಅವನ ದುಡಿಮೆಯ ಬದುಕಿನಲ್ಲಿ ಅವನ ಕಿವಿಯ ಬಗ್ಗೆ ಯಾರಾದರೂ ಯೋಚನೆ ಮಾಡಿದ್ದು ಅದೇ ಮೊದಲು. ಅದೂ ಎಲ್ಲ ಮುಗಿದ ಮೇಲೆ, ಗುರುತಿಲ್ಲದ ಒಬ್ಬ ಮನುಷ್ಯ.

ಗಿಲಕಿ ಡ್ರಮ್ಮಿನ ಮುಂದೆ ನಿಂತು ಕೋಲು ಬೀಳಿಸಿದಳು. ಬಲ ಬಲ, ಎಡ ಎಡ. ಪೆಟ್ಟುಗಳು ಒಂದರೊಳಗೊಂದು ಕರಗಿ ಒಂದೇ ಸದ್ದಾಗಿ ಹರಿದವು. ಎಲ್ಲೂ ಮೂಲೆ ಬರಲಿಲ್ಲ. ಅಪ್ಪ ಅವಳ ಮಣಿಕಟ್ಟುಗಳನ್ನೇ ನೋಡುತ್ತಿದ್ದ. ಎದ್ದು ಬರುವ ಕೋಲನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಮಾಸ್ಟರು ಸಾಕು ಎಂದು ಕೈ ಎತ್ತಿ, ಆ ಹುಡುಗನಿಗೆ ಹಾಕಬೇಕಿದ್ದ ಪಟ್ಟಿಯನ್ನು ಗಿಲಕಿಯ ಹೆಗಲಿಗೆ ಹಾಕಿದರು.

ಅವಳು ಅಪ್ಪನತ್ತ ತಿರುಗಿದಳು. ಚೆನ್ನಾಗಿತ್ತಾ ಎಂದು ಕೇಳಲು ಬಾಯಿ ತೆರೆದವಳು ಕೇಳದೆ ನಿಂತಳು.

"ಎಡಗೈ ಇನ್ನೂ ಸ್ವಲ್ಪ ಬಿಗಿ" ಎಂದ ಅಪ್ಪ. ಆಮೇಲೆ ಮಾಸ್ಟರ ಕಡೆ ತಿರುಗಿ, ಡಬ್ಬಿಯನ್ನು ತೋರಿಸಿ, ತನಗೇ ಕೇಳಿಸಬೇಕೆಂಬ ಹಾಗೆ ದೊಡ್ಡ ದನಿಯಲ್ಲಿ ಹೇಳಿದ.

"ಇನ್ನೂ ಮೂರು ಜೊತೆ ಕೊಡಿ ಸಾರ್. ಅಲ್ಲಿ ಮೂರು ಜನ ಸುತ್ತಿಗೆ ಕೆಳಗಿಟ್ಟು ಕೂತಿದಾರೆ. ಮಾಲೀಕರ ಮೇಜಿನ ಮೇಲೆ ಇದನ್ನ ಇಟ್ಟು ಒಂದು ಮಾತು ಕೇಳೋದಿದೆ. ಈ ಸಲ ಅವರಿಗೆ ಕೇಳಿಸಬೇಕು."